ಕರೋನಾ ಅವೆನ್ಯೂ ಶಾಲೆ

ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಬೆಲ್ ಪಟ್ಟಣದಲ್ಲಿರುವ ಸಾರ್ವಜನಿಕ ಪ್ರಾಥಮಿಕ ಶಾಲೆ. ವಿಯೆನ್ನಾ ಮೂಲದ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ (1892–1970) ಇದಕ್ಕಾಗಿ ರೂಪಿಸಿದ ಎಲ್ ಆಕಾರದ, ಒಂದೇ ಅಂತಸ್ತಿನ ಕಟ್ಟಡ 1935ರಲ್ಲಿ ಮುಗಿಯಿತು.

ಆರ್ಥಿಕ ಮಹಾಕುಸಿತದ ನಡುವೆಯೇ, 1933ರ ಮಾರ್ಚ್ 10ರ ಸಂಜೆ, ಲಾಂಗ್ ಬೀಚ್ ಭೂಕಂಪಕ್ಕೆ ಸುಮಾರು 70 ಶಾಲೆಗಳು ನೆಲಕಚ್ಚಿದವು. ತರಗತಿ ಮುಗಿದು ಮಕ್ಕಳು ಮನೆ ಸೇರಿದ್ದರು; ಕೆಲವೇ ಗಂಟೆ ಮೊದಲು ಆಗಿದ್ದರೆ ಏನಾಗುತ್ತಿತ್ತೆಂದು ನೆನೆದರೇ ಎದೆ ನಡುಗುತ್ತದೆ. ತಿಂಗಳೊಳಗೆ ಬಂದ ಫೀಲ್ಡ್ ಕಾಯ್ದೆ ಶಾಲಾ ಕಟ್ಟಡಗಳಿಗೆ ಭೂಕಂಪ ತಾಳುವ ಕಟ್ಟೋಣವನ್ನು ಕಡ್ಡಾಯ ಮಾಡಿತು. ಭಾರದ ಇಟ್ಟಿಗೆಯ ಬಹುಮಹಡಿ ಶಾಲೆಗಳ ಮೇಲಿನ ನಂಬಿಕೆ ಕುಸಿದಿತ್ತು. ನ್ಯೂಟ್ರಾಗೆ ಅವಕಾಶ ಸಿಕ್ಕಿದ್ದು ಈ ಹೊತ್ತಿನಲ್ಲಿ.

ಪ್ರತಿ ಕೋಣೆಯ ಒಂದು ಬದಿ ಪೂರ್ತಿ ಗಾಜು. ಅದನ್ನು ಪಕ್ಕಕ್ಕೆ ಸರಿಸಿದರೆ ಗೋಡೆಯೇ ಮಾಯ. ನೆಲಕ್ಕೆ ಬಿಗಿದ ಬೆಂಚುಗಳಿಲ್ಲದ್ದರಿಂದ ಮಕ್ಕಳು ತಮ್ಮ ಕುರ್ಚಿಗಳನ್ನೇ ಹುಲ್ಲಿಗೆ ಎಳೆದುಕೊಂಡು ಪಾಠ ಕೇಳಬಹುದಿತ್ತು. ಎದುರು ಬದಿಯಲ್ಲಿ ಮೊಗಸಾಲೆಯ ಮಾಡಿಗಿಂತ ಮೇಲೆ ಕಿಟಕಿಗಳ ಸಾಲು. ಹೀಗಾಗಿ ಬೆಳಕು ಎರಡೂ ಕಡೆಯಿಂದ ಬಂದು ಗಾಳಿ ಅಡ್ಡಲಾಗಿ ಹಾಯುತ್ತದೆ. ಮುಂಚಾಚಿದ ಸೂರು ಬಿಸಿಲನ್ನು ತಡೆಯುತ್ತದೆ. ಅಲಂಕಾರವೆಂಬುದು ಇಲ್ಲವೇ ಇಲ್ಲ. ಇದರ ಚೆಲುವೆಲ್ಲ ಆ ಬೆಳಕಿನಲ್ಲಿದೆ.

ಆಗ ‘ಪ್ರಯೋಗ ಶಾಲೆ’ ಎನಿಸಿಕೊಂಡ ಈ ವಿನ್ಯಾಸದ ಅಂಶಗಳು ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಸಾಮಾನ್ಯವಾದವು.