ಕಾವಸಜಿಯ ಮೂಗು ಮತ್ತು ಹೆಸರಿಲ್ಲದ ವೈದ್ಯ

ಮುಖವನ್ನು ತಿದ್ದಿಸಿಕೊಳ್ಳಬಯಸುವವರಿಗೆ ಇಂದಿನ ಮುಂಬಯಿಯಲ್ಲಿ ಚಿಕಿತ್ಸಾಲಯಗಳ ಕೊರತೆಯಿಲ್ಲ. ಬಾಂದ್ರಾ, ಅಂಧೇರಿಗಳಂಥ ಉಪನಗರಗಳಲ್ಲಿಯೂ ಮೂಗನ್ನು ನೀಳಗೊಳಿಸುವ ಶಸ್ತ್ರಕ್ರಿಯೆ, ನೆರಿಗೆಯನ್ನಳಿಸುವ ಸೂಜಿಮದ್ದು ಎರಡೂ ದೊರೆಯುತ್ತವೆ. ಇದೆಲ್ಲ ಪಶ್ಚಿಮದ ಕೊಡುಗೆಯೆಂಬ ಭಾವನೆ ಸಾಮಾನ್ಯ. ಆದರೆ ಈ ವಿದ್ಯೆಯ ಒಂದು ಮುಖ್ಯ ಶಾಖೆ ಇಲ್ಲಿಂದಲೇ ಪಶ್ಚಿಮಕ್ಕೆ ಹೋಯಿತು. ಅದು ಹೋದ ದಾರಿಯಲ್ಲಿ ಶ್ರೀರಂಗಪಟ್ಟಣವೂ ಮುಂಬಯಿಯೂ ಇವೆ.

1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪ್ರಕಟಿಸಿದ ಪತ್ರವೊಂದರಲ್ಲಿ ಕಾವಸಜಿಯೆಂಬ ಮರಾಠಾ ಕೃಷಿಕನ ಕಥೆಯಿದೆ. ಅವನು ಮೂರನೆಯ ಮೈಸೂರು ಯುದ್ಧದಲ್ಲಿ ಆಂಗ್ಲ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದವನು. 1792ರಲ್ಲಿ ಟೀಪೂವಿನ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿ, ಮುಂದೆ ಕಂಪನಿಯ ಪಿಂಚಣಿದಾರನಾದನು. (ಮೂಗು ಕೊಯ್ಯುವುದು ಆ ಕಾಲದ ಹೊಸ ಕ್ರೌರ್ಯವಲ್ಲ, 17ನೆಯ ಶತಮಾನದ ಮೈಸೂರು–ಮಧುರೆ ಕಾಳಗವೊಂದಕ್ಕೆ ‘ಮೂಗು ಕೊಯ್ಯುವ ಯುದ್ಧ’ವೆಂದೇ ಹೆಸರು.) ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬಾಳಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನಿತ್ತನು.

ವಿಧಾನ ಇಂತಿದೆ. ಮೇಣದ ತೆಳುಹಾಳೆಯನ್ನು ಮೂಗಿನ ಮೋಟಿನ ಮೇಲೆ ಅಳವಡಿಸಿ, ಬಳಿಕ ಚಪ್ಪಟೆಮಾಡಿ ಹಣೆಯ ಮೇಲಿರಿಸಿ ಸುತ್ತ ಗೆರೆಯೆಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸಿದರೂ ಕಣ್ಣುಗಳ ನಡುವೆ ಒಂದು ಪಟ್ಟಿಯನ್ನು ಉಳಿಸುವುದು. ನೆತ್ತರು ಹರಿದು ಚರ್ಮ ಜೀವದಿಂದಿರುವುದು ಅದರ ಮೂಲಕವೇ. ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೋಟಿನ ಸೀಳಿಗೆ ಸೇರಿಸಿ, ಹೊಲಿಗೆಯಿಲ್ಲದೆ, ಕಾಚಿನ ಲೇಪದ ಬಟ್ಟೆಯ ಐದಾರು ತುಂಡುಗಳನ್ನು ಒಂದರ ಮೇಲೊಂದಿಟ್ಟು ಹಿಡಿಸುವುದು. 4 ದಿನಗಳ ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನ ಪಟ್ಟಿಯ ಛೇದ. ಸುಶ್ರುತಸಂಹಿತೆ ಹೇಳುವುದು ಗಲ್ಲದ ಚರ್ಮವನ್ನು, ಹಣೆಯದನ್ನಲ್ಲ. ಆದುದರಿಂದ ಇದನ್ನು ಗ್ರಂಥದ ಪಾಠವೆನ್ನುವುದಕ್ಕಿಂತ ಕೈಯಿಂದ ಕೈಗೆ ಸಂದ ಕುಲವಿದ್ಯೆಯೆನ್ನುವುದೇ ಯುಕ್ತ.

ಇಂಥ ಕ್ರಿಯೆಯನ್ನು ಕಂಡ ಮುಂಬಯಿ ಇಲಾಖೆಯ ವೈದ್ಯರ ಹೆಸರುಗಳು ಉಳಿದಿವೆ: ಥಾಮಸ್ ಕ್ರೂಸೋ, ಜೇಮ್ಸ್ ಫಿಂಡ್ಲೆ. ಕಾವಸಜಿಯ ಚಿತ್ರ ಬರೆದ ಜೇಮ್ಸ್ ವೇಲ್ಸನ ಹೆಸರಿದೆ. 1814ರಲ್ಲಿ ಲಂಡನ್ನಿನಲ್ಲಿ ಇದೇ ವಿಧಾನವನ್ನು ಅನುಸರಿಸಿ 1816ರಲ್ಲಿ ಪುಸ್ತಕ ಪ್ರಕಟಿಸಿದ ಜೋಸೆಫ್ ಕಾರ್ಪ್ಯೂ ಪ್ರಸಿದ್ಧನಾದನು. ಶಸ್ತ್ರ ಹಿಡಿದವನ ಹೆಸರನ್ನು ಮಾತ್ರ ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ದಾಖಲೆಯಲ್ಲಿರುವುದು ಅವನ ಜಾತಿಯಷ್ಟೇ.

ಮುಂಬಯಿಯಲ್ಲಿ ಈ ವಿದ್ಯೆ ಆಸ್ಪತ್ರೆಗಳಲ್ಲಿ ಬೇರೂರಿದುದು ಸ್ವಾತಂತ್ರ್ಯದ ಬಳಿಕ. ಜೆ. ಜೆ. ಆಸ್ಪತ್ರೆಯಲ್ಲಿ ಅದಕ್ಕೊಂದು ವಿಭಾಗ ಕಟ್ಟಿದ ಡಾ. ನೋಶಿರ್ ಅಂಟಿಯಾ 1922ರಲ್ಲಿ ಹುಬ್ಬಳ್ಳಿಯಲ್ಲಿ ಜನಿಸಿದವರು. ಕುಷ್ಠದಿಂದ ಮೂಗು ಕುಸಿದವರನ್ನು, ರೋಗ ವಾಸಿಯಾದ ಮೇಲೂ, ಊರು ಒಳಗೆ ಸೇರಿಸುತ್ತಿರಲಿಲ್ಲ. ಅಂಥ ಮೂಗಿನಲ್ಲಿ ನಷ್ಟವಾಗಿರುವುದು ಒಳಪದರ, ಹೊರಚರ್ಮವಲ್ಲ. ಆದುದರಿಂದ ಹಣೆಯನ್ನು ಕೊಯ್ಯದೆ ಒಳಗಿನಿಂದಲೇ ಚರ್ಮದ ಕಸಿಮಾಡಿ ಮೂಗನ್ನೆತ್ತಬಹುದು. ಅಲಂಕಾರವೆಂದು ಇದನ್ನು ಕರೆಯಬೇಕೆ?

2002ರಲ್ಲಿ ಅಮೆರಿಕದಲ್ಲಿ ಹುಬ್ಬುಗಳ ನಡುವಿನ ನೆರಿಗೆಗೆ ಬೊಟಾಕ್ಸ್ ಅನುಮತಿ ಪಡೆದ ಮೇಲೆ ಶಸ್ತ್ರವಿಲ್ಲದ ಉಪಚಾರಗಳು ಇಲ್ಲಿಯೂ ಬಲಿತುವು. ಅವುಗಳ ಜಾಹೀರಾತೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಆದರೂ ಅರ್ಬುದದಿಂದಲೋ ಅಪಘಾತದಿಂದಲೋ ಮೂಗು ಕಳೆದುಕೊಂಡವರಿಗೆ ಶಸ್ತ್ರವೈದ್ಯರು ಇಂದಿಗೂ ಹಣೆಯ ಚರ್ಮವನ್ನೇ ತಿರುಗಿಸುತ್ತಾರೆ. ‘ಭಾರತೀಯ ವಿಧಾನ’ವೆಂದೇ ಅದಕ್ಕೆ ವೈದ್ಯಗ್ರಂಥಗಳಲ್ಲಿ ಹೆಸರು.