ವ್ಯತಿಕರಣ

ಭೌತವಿಜ್ಞಾನದ ‘ವ್ಯತಿಕರಣ’ ಇಂಗ್ಲಿಷಿನ ‘ಇಂಟರ್‌ಫೆರೆನ್ಸ್’ಗೆ ಸಂವಾದಿ. ಆದರೆ ಎರಡರ ಹುಟ್ಟು ಬೇರೆ ಬೇರೆ. ಇಂಗ್ಲಿಷಿನ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಒಬ್ಬರನ್ನೊಬ್ಬರು ಹೊಡೆಯುವುದು ಅದರ ಮೂಲಾರ್ಥ. 15ನೆಯ ಶತಮಾನದಲ್ಲಿ ಅದು ಕುದುರೆ ಸಾಕುವವರ ಮಾತು. ನಡೆಯುವಾಗ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ತಾಗಿದರೆ ಆ ಪದ ಬಳಸುತ್ತಿದ್ದರು. ಅಡ್ಡಬರುವುದು, ತಲೆಹಾಕುವುದು ಎಂಬ ಅರ್ಥಗಳು ಆಮೇಲೆ ಸೇರಿದವು. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ವೈದ್ಯ ಥಾಮಸ್ ಯಂಗ್ ಅದನ್ನು ಬೆಳಕಿಗೆ ಅನ್ವಯಿಸಿದ.

ನಮ್ಮ ಪದದಲ್ಲಿ ಹೊಡೆತವಿಲ್ಲ. ‘ವಿ’, ‘ಅತಿ’ ಕೂಡಿದ ‘ವ್ಯತಿ’ಗೆ ಪರಸ್ಪರತೆಯ ಅರ್ಥವಿದೆ, ಪಾಣಿನಿ ಹೇಳುವ ‘ಕರ್ಮವ್ಯತಿಹಾರ’ದಲ್ಲಿ, ಎಂದರೆ ಒಬ್ಬರಿಗೊಬ್ಬರು ಮಾಡುವ ಕ್ರಿಯೆಯಲ್ಲಿ, ಇರುವುದೂ ಅದೇ. ಸಂಸ್ಕೃತದ ‘ವ್ಯತಿಕರ’ವೆಂದರೆ ಒಂದರೊಳಗೊಂದು ಬೆರೆಯುವುದು. ಬೆಳಕಿನ ನಡತೆಗೆ ಇದೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ಕಿರಣಗಳು ಹಾಯ್ದುಹೋಗುವಾಗ ಒಂದಕ್ಕೊಂದು ಏನೂ ಮಾಡುವುದಿಲ್ಲ. ಕೂಡಿದ ಜಾಗದಲ್ಲಿ ಮಾತ್ರ ಅಲೆಯ ಉಬ್ಬಿಗೆ ಉಬ್ಬು ಸೇರಿ ಬೆಳಗುತ್ತದೆ, ಉಬ್ಬಿಗೆ ತಗ್ಗು ಸೇರಿ ಕಪ್ಪಾಗುತ್ತದೆ.

ಈ ಬೆರಕೆಯನ್ನೇ ಅಳತೆಗೋಲಾಗಿಸಿದವನು ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್. 1881ರಲ್ಲಿ ಬರ್ಲಿನ್ನಿನ ನೆಲದ ಕಂಪನ ತಾಳಲಾರದೆ ಅವನ ಉಪಕರಣ ಪೋಟ್ಸ್‌ಡಾಮಿಗೆ ಹೋಗಬೇಕಾಯಿತು. ಹತ್ತು ವರ್ಷದ ಬಳಿಕ ಲುಡ್ವಿಗ್ ಜೆಂಡರ್, ಅವನ ಹಿಂದೆಯೇ ಲುಡ್ವಿಗ್ ಮಾಖ್ ಬೆಳಕನ್ನು ಎರಡು ದಾರಿಗೆ ಸೀಳಿ ಮತ್ತೆ ಕೂಡಿಸುವ ರಚನೆ ಕೊಟ್ಟರು. ಬೆಳಕಿನ ಮಂಡಲಗಳನ್ನೇ ಚಿಪ್ ಮೇಲೆ ಕೆತ್ತುವ ಕಲ್ಪನೆಗೆ 1969ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಮಿಲ್ಲರ್ ‘ಇಂಟಿಗ್ರೇಟೆಡ್ ಆಪ್ಟಿಕ್ಸ್’ ಎಂದು ಹೆಸರಿಟ್ಟ.

ಎರಡು ದಾರಿಯ ಆ ರಚನೆಯನ್ನು ಚಿಪ್ ಮೇಲೆ ಬೆಳಕು ಹರಿಯುವ ಸಣ್ಣ ನಾಳಗಳಾಗಿ ಕೆತ್ತಿ ಸಂವೇದಕವಾಗಿ ಬಳಸುತ್ತಾರೆ. ಅಂಥ ಸಂವೇದಕದಲ್ಲಿ ಒಂದು ಕವಲನ್ನು ಗಾಜಿನಂಥ ಪದರ ಮುಚ್ಚಿರುತ್ತದೆ, ಇನ್ನೊಂದರ ಮೈ ದ್ರವಕ್ಕೆ ತೆರೆದಿರುತ್ತದೆ. ನಾಳದೊಳಗೆ ಸಾಗುವ ಬೆಳಕಿನ ಸ್ವಲ್ಪ ಭಾಗ ಗೋಡೆಯಾಚೆಗೂ ಚಾಚಿರುವುದರಿಂದ, ಅಲ್ಲಿ ಒಂದು ಪ್ರೋಟೀನು ಬಂದು ಅಂಟಿದರೂ ಆ ಕವಲಿನ ಅಲೆ ತುಸು ಹಿಂದುಳಿಯುತ್ತದೆ. ವಿನ್ಯಾಸದ ಕೌಶಲವೆಲ್ಲ ಈ ಹಿಂದುಳಿಯುವಿಕೆಯನ್ನು ಹಿಗ್ಗಿಸುವುದರಲ್ಲಿದೆ. ಆಚೆಗೆ ಚಾಚುವ ಪಾಲು ಹೆಚ್ಚಲೆಂದು ನಾಳವನ್ನು ತೆಳುವಾಗಿಸುತ್ತಾರೆ, ಉದ್ದ ಬೇಕೆಂದು ಸುರುಳಿ ಸುತ್ತುತ್ತಾರೆ. 1.55 ಮೈಕ್ರೋಮೀಟರ್ ತರಂಗಾಂತರದ ಬೆಳಕು 1 ಸೆಂಟಿಮೀಟರ್ ಸಾಗುವಾಗ ನಾಳದ ವಕ್ರೀಭವನ ಸೂಚ್ಯಂಕ 0.000001ರಷ್ಟು ಏರಿದರೆ, ಅಲೆ ಸರಿಯುವುದು ತನ್ನ ಉದ್ದದ ಸುಮಾರು 150ರಲ್ಲಿ ಒಂದು ಪಾಲು. ಬೆಳಕು ಪೂರ್ತಿ ಬೆಳಗಿರುವಾಗ ಅಥವಾ ಪೂರ್ತಿ ಆರಿರುವಾಗ ಇಷ್ಟು ಚಿಕ್ಕ ಸರಿತ ಕಾಣುವುದೇ ಇಲ್ಲ. ಹಾಗಾಗಿ ಎರಡರ ನಟ್ಟನಡುವೆ, ಬೆಳಕಿನ ಏರಿಳಿತದ ಇಳಿಜಾರು ಅತಿ ಕಡಿದಾದ ಬಿಂದುವಿನಲ್ಲಿ ಯಂತ್ರವನ್ನು ಹೊಂದಿಸಿಡುತ್ತಾರೆ.

ಶಾಖ ಇಲ್ಲಿ ದೊಡ್ಡ ಶತ್ರು. ನಾಳ ಸಿಲಿಕಾನಿನದಾಗಿದ್ದರೆ, ಒಂದು ಡಿಗ್ರಿ ಏರಿದಾಗ ಅದರ ಸೂಚ್ಯಂಕ ಸುಮಾರು 0.00018ರಷ್ಟು ಬದಲಾಗುತ್ತದೆ, ಹುಡುಕುತ್ತಿರುವ ಸುಳಿವಿನ ನೂರಾರು ಪಟ್ಟು. ಕವಲುಗಳು ಅವಳಿಗಳಂತಿದ್ದು ಪಕ್ಕಪಕ್ಕದಲ್ಲಿದ್ದರೆ ಎರಡೂ ಸಮನಾಗಿ ಬಿಸಿಯಾಗಿ ಆ ದೋಷ ಬಹುಮಟ್ಟಿಗೆ ಕಳೆದುಹೋಗುತ್ತದೆ. ಬಾರ್ಸಿಲೋನಾದ ಲಾರಾ ಲೆಚುಗಾ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕವಲುಗಳನ್ನೇ ತೆಗೆದುಹಾಕಿತು. ಅವರ ರಚನೆಯಲ್ಲಿರುವುದು ಒಂದೇ ನಾಳ. ಬೆಳಕು ಅದರೊಳಗೇ ಎರಡು ವಿಧದಲ್ಲಿ ಸಾಗಿ ತುದಿಯಲ್ಲಿ ತನ್ನೊಂದಿಗೆ ತಾನೇ ಬೆರೆಯುತ್ತದೆ.