ಲಸಿಕೆ ಬೇಡವೆನ್ನುವುದು ಅಜ್ಞಾನವೇ? ಹಿಂಜರಿಕೆಯ ಹಿಂದಿನ ನೈತಿಕ ಮೌಲ್ಯಗಳು

ಲಸಿಕೆಗೆ ಹಿಂಜರಿಯುವವರನ್ನು ಮೂಢನಂಬಿಕೆಯವರೆಂದು ಬದಿಗೆ ಸರಿಸುವುದು ಸುಲಭ. ಆದರೆ ಹಿಂಜರಿಕೆಯ ಬೇರು ಹಲವು ವೇಳೆ ಮಾಹಿತಿಯ ಕೊರತೆಗಿಂತ, ಯಾವುದು ಸರಿ ಯಾವುದು ತಪ್ಪು ಎಂಬ ನೈತಿಕ ತೀರ್ಮಾನದಲ್ಲಿರುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಂತೆ ಚದುರಿದ ಊರುಗಳೂ ಕಾಫಿ ತೋಟದ ಕೂಲಿ ಲೈನ್‌ಗಳೂ ಇರುವ ಮಲೆನಾಡಿನಲ್ಲಿ ಇದನ್ನು ಅರಿಯುವುದು ಅಗತ್ಯ. ದಡಾರ ಬಂದ ಒಬ್ಬರಿಂದ ರೋಗನಿರೋಧಕ ಶಕ್ತಿಯಿಲ್ಲದ 12ರಿಂದ 18 ಮಂದಿಗೆ ಸೋಂಕು ತಗಲಬಲ್ಲದು. ಅದನ್ನು ತಡೆಯಲು ಸುಮಾರು ಶೇ 95ರಷ್ಟು ಮಂದಿ ಸುರಕ್ಷಿತರಾಗಿರಬೇಕು. ಹೀಗಾಗಿ ಒಂದು ಲೈನ್‌ನಲ್ಲಿ ನಾಲ್ಕಾರು ಮಕ್ಕಳು ಲಸಿಕೆ ಪಡೆಯದಿದ್ದರೂ ಅಪಾಯ ಉಳಿಯುತ್ತದೆ.

ಸಂಶೋಧನೆ ಹೇಳುವುದೇನು?

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2017ರಲ್ಲಿ ಅಲ್ಲಿನ ಪೋಷಕರ ಕುರಿತ ಅಧ್ಯಯನವೊಂದನ್ನು ಪ್ರಕಟಿಸಿತು. ಲಸಿಕೆಯ ಬಗ್ಗೆ ಹೆಚ್ಚು ಹಿಂಜರಿಯುವವರು 'ಶುದ್ಧತೆ' ಮತ್ತು 'ಸ್ವಾತಂತ್ರ್ಯ' ಎಂಬ ಮೌಲ್ಯಗಳಿಗೆ ಬಲವಾದ ಒತ್ತು ನೀಡುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಅದು ಕಂಡುಕೊಂಡಿತು. ಹಾನಿ ಮತ್ತು ನ್ಯಾಯದ ಮೌಲ್ಯಗಳಿಗೂ ಹಿಂಜರಿಕೆಗೂ ಗಣನೀಯ ನಂಟು ಕಾಣಲಿಲ್ಲ. ಆದರೆ ಲಸಿಕೆ ಪ್ರಚಾರ ಸಾಮಾನ್ಯವಾಗಿ ಅವಲಂಬಿಸುವುದು ಇವೆರಡನ್ನೇ.

ಮಡಿ-ಮೈಲಿಗೆಯ ಪ್ರಶ್ನೆ

ಕನ್ನಡದ ಮನೆಗಳಲ್ಲಿ ಸಿಡುಬು, ದಡಾರಗಳಿಗೆ 'ಅಮ್ಮ' ಎಂದೇ ಹೆಸರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ಹಾಕದಿರುವುದು, ಮಾಂಸ ಬಿಡುವುದು ರೂಢಿಯಲ್ಲಿತ್ತು. ರೋಗವೇ ದೇವಿಯ ಆಗಮನವೆಂದು ನಂಬಿದವರಿಗೆ ಅದನ್ನು ತಡೆಯುವುದು ದೇವಿಯನ್ನು ಹೊರಗಿಟ್ಟಂತೆ ತೋರುವುದು ಸಹಜ. ಭಾರತದಲ್ಲಿ ಮೊದಲ ಸಿಡುಬು ಲಸಿಕೆ ಹಾಕಿದ್ದು 1802ರಲ್ಲಿ, ಮುಂಬೈನಲ್ಲಿ. ಆಗ ಲಸಿಕೆಯ ದ್ರವವನ್ನು ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟಿಸಲಾಗುತ್ತಿತ್ತು. ಜಾತಿಯ ಮಡಿ ಪಾಲಿಸುವವರಿಗೆ ಇದು ದೊಡ್ಡ ತೊಡಕಾಗಿತ್ತು.

ಚಿತ್ರಕಾರ ಥಾಮಸ್ ಹಿಕಿ ಸುಮಾರು 1805ರಲ್ಲಿ ರಚಿಸಿದ ಚಿತ್ರವೊಂದರಲ್ಲಿ ಮೂವರು ರಾಜಮನೆತನದ ಸ್ತ್ರೀಯರಿದ್ದು, ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ ಎಂದೂ, ತೋರುತ್ತಿರುವುದು ಲಸಿಕೆಯ ಜಾಗವನ್ನೆಂದೂ ಇತಿಹಾಸಕಾರ ನೈಜಲ್ ಚಾನ್ಸಲರ್ ಗುರುತಿಸಿದ್ದಾರೆ. ಅದು ಸರಿಯಾದರೆ, ಅರಮನೆಯೇ ಒಪ್ಪಿದ್ದು ಮೈಲಿಗೆಯಲ್ಲ ಎಂಬುದೇ ಆ ಚಿತ್ರದ ಸಂದೇಶ.

ಒತ್ತಾಯ ಮತ್ತು ಸ್ವಾತಂತ್ರ್ಯ

ಕೋವಿಡ್ ಲಸಿಕೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ತೀರ್ಪಿತ್ತಿತು. ದೇಹದ ಮೇಲಿನ ಅಧಿಕಾರವನ್ನು ಸಂವಿಧಾನದ 21ನೇ ವಿಧಿ ರಕ್ಷಿಸುತ್ತದೆ ಎಂಬುದು ಅದರ ಆಧಾರ. ಮಾಲೀಕರ ಅಪ್ಪಣೆಯ ಮೇರೆಗೆ ಸಾಲಿನಲ್ಲಿ ನಿಲ್ಲಿಸಿದರೆ ತೋಟದ ಕಾರ್ಮಿಕರ ಮನಸ್ಸಿನಲ್ಲೂ ಇದೇ ಪ್ರಶ್ನೆ ಏಳಬಹುದು.

ಮಾತು ಉಳಿಸಿಕೊಳ್ಳುವ ಹೊಣೆ

ಎಲ್ಲ ಅನುಮಾನವೂ ಆಧಾರರಹಿತವಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಲೆನಾಡಿನ ಜನ ವರ್ಷಗಟ್ಟಲೆ ನೋವಿನ ಚುಚ್ಚುಮದ್ದು ಪಡೆದರು. ಅದರ ಪರಿಣಾಮ ಸಾಲದೆಂದು 2022ರಲ್ಲಿ ನೀಡಿಕೆ ನಿಂತಿತು. ಇಂತಹ ಸಂಗತಿಯನ್ನು ಮುಚ್ಚಿಟ್ಟರೆ ಪರಿಣಾಮಕಾರಿಯಾದ ದಡಾರ ಲಸಿಕೆಯ ಮೇಲೂ ಸಂಶಯ ಹರಡುತ್ತದೆ.

ಏನು ಮಾಡಬಹುದು?

ಶುದ್ಧತೆಗೆ ಬೆಲೆ ಕೊಡುವವರಿಗೆ, ಲಸಿಕೆಯು ದೇಹದ ಸ್ವಂತ ಶಕ್ತಿಯನ್ನೇ ಎಚ್ಚರಿಸುತ್ತದೆ ಎಂದು ವಿವರಿಸಬಹುದು. ಸ್ವಾತಂತ್ರ್ಯ ಬಯಸುವವರಿಗೆ ಪ್ರಶ್ನೆ ಕೇಳಲು ಸಮಯ ಕೊಡಬೇಕು. ಚುಚ್ಚುಮದ್ದಿನ ನಂತರ ಮಗುವಿಗೆ ಜ್ವರ ಬಂದರೆ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ವಾರದ ರಜೆಯ ಹಿಂದಿನ ಸಂಜೆ ಶಿಬಿರ ನಡೆಸುವುದು ಒಳಿತು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ. ಅಸ್ಸಾಂ ಮೊದಲಾದ ಕಡೆಗಳಿಂದ ಬಂದು ತೋಟದಿಂದ ತೋಟಕ್ಕೆ ಹೋಗುವ ಕುಟುಂಬಗಳಲ್ಲಿ ಎರಡನೆಯದು ತಪ್ಪುವ ಸಂಭವ ಹೆಚ್ಚು. ತಾಯಿ ಕಾರ್ಡ್ ಜೋಪಾನ ಮಾಡುವಂತೆ ಆಶಾ ಕಾರ್ಯಕರ್ತೆ ಆಕೆಗೆ ತಿಳಿಯುವ ಭಾಷೆಯಲ್ಲೇ ಹೇಳಿದರೆ ಮುಂದಿನ ಊರಿನಲ್ಲಿ ಆ ಡೋಸ್ ಹಾಕಿಸಬಹುದು.